ದಿನಬಳಕೆಗೆ ಹಳೆಯ ಸ್ಪೋರ್ಟ್ಸ್ ಕಾರು: ನಾಲ್ಕನ್ನು ಓಡಿಸಿ ನೋಡಿದ ಮೇಲೆ

ಸ್ಪೋರ್ಟ್ಸ್ ಕಾರಿನ ಗುಣವನ್ನು ಎಲ್ಲರೂ ಅಳೆಯುವುದು ಖಾಲಿ ರಸ್ತೆಯ ತಿರುವಿನಲ್ಲಿ. ಅದೇ ಕಾರಿನಲ್ಲಿ ದಿನವೂ ಕೆಲಸಕ್ಕೆ ಹೋಗಿ ಬರಬೇಕು ಎಂದಾದರೆ ಲೆಕ್ಕವೇ ಬೇರೆ. ಆಗ ಅದರ ಹೆಚ್ಚಿನ ಹೊತ್ತು ಕಳೆಯುವುದು ಸಿಗ್ನಲ್ಲಿನಲ್ಲಿ, ಮಳೆಯಲ್ಲಿ, ಇಕ್ಕಟ್ಟಾದ ನಿಲುಗಡೆಯಲ್ಲಿ, ಎಂಜಿನ್ ಇನ್ನೂ ಬಿಸಿಯಾಗದ ಮೊದಲ ಕೆಲವು ಕಿಲೋಮೀಟರುಗಳಲ್ಲಿ. ಬಳಸಿದ ಕಾರು ಹುಡುಕಲು ಹೊರಟಾಗ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ನಿಧಾನವಾಗಿ ಹೋಗುವಾಗಲೂ ಈ ಕಾರು ಖುಷಿ ಕೊಡುತ್ತದೆಯೇ?

ಓಡಿಸಿದ್ದು ನಾಲ್ಕನ್ನು: ಮಾಜ್ದಾ ಎಂಎಕ್ಸ್-5ರ ನಾಲ್ಕನೇ ತಲೆಮಾರು, ಟೊಯೋಟಾ ಜಿಟಿ86, ನಿಸಾನ್ 370ಝಡ್ ಮತ್ತು ಪೋರ್ಷೆ ಕೇಮನ್‌ನ 987 ಎಂಬ ಸಂಕೇತದ ತಲೆಮಾರು. ಎಲ್ಲವೂ ಮ್ಯಾನ್ಯುಯಲ್ ಗೇರ್‌ನವು. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ, ಒಂದೇ ದಾರಿಯಲ್ಲಿ, ದಿನವೂ ಒಯ್ಯುವ ಚೀಲಗಳನ್ನು ಹಾಕಿಕೊಂಡೇ ಓಡಿಸಿದೆ. ಎಂಜಿನ್ 9,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಮುಟ್ಟುವ ಹೋಂಡಾ ಎಸ್2000 ಕೂಡ ಮನಸ್ಸಿನಲ್ಲಿತ್ತು. ಆದರೆ ಅದರ ತಯಾರಿಕೆ 2009ರಲ್ಲೇ ನಿಂತಿದೆ. ಉಳಿದಿರುವ ಒಳ್ಳೆಯ ಕಾರುಗಳು ಈಗ ಸಂಗ್ರಾಹಕರ ಆಸ್ತಿ. ಅಂಥದ್ದನ್ನು ಮಳೆಯಲ್ಲಿ, ದಟ್ಟಣೆಯಲ್ಲಿ ಸವೆಸಲು ನನಗೆ ಮನಸ್ಸು ಬರಲಿಲ್ಲ.

ಮೊದಲು ಪಟ್ಟಿಯಿಂದ ಹೊರಬಿದ್ದದ್ದು 370ಝಡ್. 3.7 ಲೀಟರಿನ ವಿ6 ಎಂಜಿನ್‌ಗೆ 320ಕ್ಕೂ ಹೆಚ್ಚು ಅಶ್ವಶಕ್ತಿ. ಹೆದ್ದಾರಿಯಲ್ಲಿ ಆ ಎಳೆತಕ್ಕೆ ಸಾಟಿಯಿಲ್ಲ. ಗೇರ್ ಇಳಿಸುವಾಗ ಎಂಜಿನ್ನಿನ ವೇಗವನ್ನು ತಾನೇ ಹೊಂದಿಸಿಕೊಡುವ ವ್ಯವಸ್ಥೆಯನ್ನು ಮ್ಯಾನ್ಯುಯಲ್ ಕಾರಿಗೆ ಮೊದಲು ತಂದದ್ದು ಇದೇ. ಆದರೆ ತೂಕ ಸುಮಾರು 1,500 ಕಿಲೋ. ಕ್ಲಚ್ ಬಿಗಿ, ಹಿಂದಿನ ನೋಟ ಕಿರಿದು, ಟೈರಿನ ಸದ್ದು ಬಿಡುವಿಲ್ಲದೆ ಒಳಗೆ ಬರುತ್ತದೆ. ಕ್ಲಚ್ಚಿನ ಹೈಡ್ರಾಲಿಕ್ ಸಿಲಿಂಡರ್ ಗೇರ್‌ಬಾಕ್ಸಿನ ಬಾಯಿಯ ಒಳಗೇ ಇದೆ. ಅದು ಸೋರಿದರೆ ಇಡೀ ಗೇರ್‌ಬಾಕ್ಸನ್ನು ಇಳಿಸಬೇಕು. ಒತ್ತಿದ ಪೆಡಲ್ ಮೇಲೇಳಲು ತಡವರಿಸಿದರೆ ಆ ಖರ್ಚನ್ನು ಬೆಲೆಯ ಮಾತುಕತೆಯಲ್ಲೇ ಕಳೆಯಬೇಕು.

ಎಂಎಕ್ಸ್-5 ಇದಕ್ಕೆ ನೇರ ವಿರುದ್ಧ. ಎಂಜಿನ್ ಚಿಕ್ಕದು, ತೂಕ ಒಂದು ಟನ್ನಿನ ಆಸುಪಾಸು. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಒಂದು ವೃತ್ತವನ್ನು ಸುತ್ತಿದರೂ ಕೈಗೆ, ಸೊಂಟಕ್ಕೆ, ಪಾದಕ್ಕೆ ಕಾರು ಏನು ಮಾಡುತ್ತಿದೆ ಎಂಬುದು ತಿಳಿಯುತ್ತದೆ. ಗೇರ್ ಲಿವರ್ ಮಣಿಕಟ್ಟಿನ ಒಂದೇ ತಿರುವಿಗೆ ಸ್ಥಾನ ಬದಲಿಸುತ್ತದೆ. ಮಳೆ ಹನಿಯತೊಡಗಿದರೆ ಕುಳಿತಲ್ಲಿಂದಲೇ ಒಂದು ಕೈಯಿಂದ ಚಾವಣಿ ಎಳೆದುಕೊಳ್ಳಬಹುದು. ನಿಧಾನಗತಿಯ ಸಂತೋಷವೊಂದೇ ಅಳತೆಗೋಲಾಗಿದ್ದರೆ ನನ್ನ ಹುಡುಕಾಟ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಡಿಕ್ಕಿ 130 ಲೀಟರ್ ಅಷ್ಟೇ. ಡ್ಯಾಶ್‌ಬೋರ್ಡಿನಲ್ಲಿ ಕಪಾಟೇ ಇಲ್ಲ. ಕಾಗದಪತ್ರ, ಕನ್ನಡಕ ಎಲ್ಲವೂ ಎರಡು ಸೀಟುಗಳ ನಡುವಿನ ಗೂಡಿಗೆ ಹೋಗಬೇಕು. ಜೊತೆಗೊಬ್ಬರು ಕುಳಿತು ಇಬ್ಬರ ಸಾಮಾನೂ ಇದ್ದರೆ ಜಾಗ ಮುಗಿಯಿತು. ಎತ್ತರದವರು 2019ರ ನಂತರದ ಕಾರನ್ನೇ ನೋಡುವುದು ಮೇಲು. ಸ್ಟೀರಿಂಗನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ಅನುಕೂಲ ಬಂದದ್ದು ಆಗ. 2 ಲೀಟರಿನ ಎಂಜಿನ್ 7,500 ಆರ್‌ಪಿಎಂವರೆಗೆ ಏರುವಂತಾದದ್ದೂ ಆಗಲೇ. ಹಳೆಯ ಎಂಎಕ್ಸ್-5 ಯಾವುದೇ ಇರಲಿ, ಬಟ್ಟೆಯ ಚಾವಣಿಯಿಂದ ಇಳಿಯುವ ನೀರು ಹೊರಹೋಗುವ ರಂಧ್ರಗಳಲ್ಲಿ ಕಸ ಕಟ್ಟಿದೆಯೇ ನೋಡಲೇಬೇಕು. ಕಟ್ಟಿದ್ದರೆ ನೀರು ಒಳಗೇ ನಿಂತು ತುಕ್ಕು ಸದ್ದಿಲ್ಲದೆ ಹಬ್ಬುತ್ತದೆ. ಸೀಟಿನ ಹಿಂದಿನ ನೆಲಹಾಸನ್ನು ಕೈಯಿಂದ ಒತ್ತಿ ನೋಡಿ. ತೇವವಿದ್ದರೆ ಬೆರಳಿಗೆ ಗೊತ್ತಾಗುತ್ತದೆ.

ಈ ನಾಲ್ಕರಲ್ಲಿ ಅತ್ಯುತ್ತಮ ಕಾರು ಯಾವುದು ಎಂದು ಕೇಳಿದರೆ ಹಿಂದುಮುಂದು ನೋಡದೆ ಕೇಮನ್ ಎನ್ನುತ್ತೇನೆ. ಎಂಜಿನ್ ಸೀಟಿನ ಹಿಂದೆ, ಹಿಂಚಕ್ರಗಳ ಮುಂದೆ ಇದೆ. ಹಾಗಾಗಿ ಮುಂದೊಂದು, ಹಿಂದೊಂದು ಎಂದು ಎರಡು ಡಿಕ್ಕಿಗಳು. ಎರಡೂ ಸೇರಿ ಸುಮಾರು 400 ಲೀಟರ್. ದಿನಬಳಕೆಗೆ ಇದೇ ಹೆಚ್ಚು ಒಗ್ಗುತ್ತದೆ ಎಂಬುದು ನನಗೆ ನಿಜಕ್ಕೂ ಅಚ್ಚರಿ ತಂದಿತು. ಕೆಟ್ಟ ರಸ್ತೆಯ ಮೇಲೆ ಒದೆಯುವುದಿಲ್ಲ. ಹೈಡ್ರಾಲಿಕ್ ಸ್ಟೀರಿಂಗ್ ರಸ್ತೆಯ ತರಿಯನ್ನೂ ಅಂಗೈಗೆ ತಲುಪಿಸುತ್ತದೆ.

ಅಳುಕು ಇರುವುದು ಎಂಜಿನ್ನಿನ ವಿಷಯದಲ್ಲಿ. 2008ರವರೆಗಿನ ಕಾರುಗಳಲ್ಲಿ ಮಧ್ಯಂತರ ಶಾಫ್ಟಿನ ಬೇರಿಂಗ್ ಎಂಬ ಭಾಗವಿದೆ. ಅದು ಕೈಕೊಟ್ಟರೆ ಎಂಜಿನ್ನೇ ಹಾಳಾಗಬಹುದು. ಅದೇ ಕಾಲದ 3.4 ಲೀಟರಿನ ಎಂಜಿನ್‌ಗಳಲ್ಲಿ ಸಿಲಿಂಡರಿನ ಗೋಡೆಯ ಮೇಲೆ ಗೀರು ಬೀಳುವ ತೊಂದರೆಯೂ ಚಿರಪರಿಚಿತ. 2009ರಲ್ಲಿ ಬಂದ ಹೊಸ ಎಂಜಿನ್‌ಗಳಲ್ಲಿ ಆ ಶಾಫ್ಟನ್ನೇ ತೆಗೆದುಹಾಕಲಾಯಿತು. ಆದ್ದರಿಂದ 987ರಲ್ಲಿ ನೋಡುವುದಾದರೆ ಈ ಎರಡನೇ ಸರಣಿಯನ್ನೇ ನೋಡಬೇಕು. ಇನ್ನೊಂದು ಒಳ್ಳೆಯ ಸಂಗತಿಯಿದೆ: ಎಂಜಿನ್ನಿನ ಮಿತಿ ಮೀರಿ ಆರ್‌ಪಿಎಂ ಏರಿದ್ದರೆ, ಅದು ಎಷ್ಟು ಏರಿತು, ಯಾವಾಗ ಏರಿತು ಎಂಬುದನ್ನು ಕಾರಿನ ಗಣಕವೇ ದಾಖಲಿಸಿಟ್ಟಿರುತ್ತದೆ. ಸರಿಯಾದ ಉಪಕರಣವಿರುವ ಮೆಕ್ಯಾನಿಕ್ ಅದನ್ನು ಓದಿ ಹೇಳುತ್ತಾರೆ. ಹಿಂದಿನ ಮಾಲೀಕರ ಚಾಲನೆಯ ಬಗ್ಗೆ ಇಷ್ಟು ನೇರವಾದ ಸಾಕ್ಷ್ಯ ಬೇರೆ ಕಾರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆದರೂ ನಾನು ಕೊಳ್ಳಲಿಲ್ಲ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗದ ಬೆಲೆ ಮಾತ್ರ ಹೊಸ ಕಾರಿನ ಅಂತಸ್ತಿನಲ್ಲೇ ಉಳಿಯುತ್ತದೆ. ರಿಪೇರಿಗೆಂದು ಒಂದಿಷ್ಟು ಹಣವನ್ನು ಬೇರೆಯಾಗಿ ತೆಗೆದಿಡಬಲ್ಲವರಿಗೆ, ಕಾರು ಗ್ಯಾರೇಜಿನಲ್ಲಿದ್ದಾಗ ಓಡಾಡಲು ಇನ್ನೊಂದು ವಾಹನ ಇರುವವರಿಗೆ ಕೇಮನ್ ಸರಿ. ನನಗಿರುವುದು ಒಂದೇ ಕಾರು.

ಹಾಗೆ ಉಳಿದದ್ದು ಜಿಟಿ86. ಟೊಯೋಟಾ ಮತ್ತು ಸುಬಾರು ಸೇರಿ ರೂಪಿಸಿ 2012ರಲ್ಲಿ ಮಾರುಕಟ್ಟೆಗೆ ತಂದ ಕಾರು ಇದು. ಸುಬಾರು ಬಿಆರ್‌ಝಡ್ ಇದರದೇ ಜೋಡಿ. ನಾಲ್ಕು ಸಿಲಿಂಡರುಗಳು ಎರಡೂ ಪಕ್ಕಕ್ಕೆ ಮಲಗಿರುವ 2 ಲೀಟರಿನ ಎಂಜಿನ್, 200 ಅಶ್ವಶಕ್ತಿ. ಎಂಜಿನ್ ಕೆಳಮಟ್ಟದಲ್ಲಿ ಕೂರುವುದರಿಂದ ಕಾರಿನ ಭಾರವೂ ನೆಲಕ್ಕೆ ಹತ್ತಿರ. ಕಾರ್ಖಾನೆಯಿಂದ ಬಂದದ್ದು 215 ಮಿಲಿಮೀಟರ್ ಅಗಲದ ಸಾಧಾರಣ ಟೈರು. ಹಿಡಿತ ಕಡಿಮೆ ಎಂದು ದೂರುವವರಿದ್ದಾರೆ. ನನಗೆ ಇದರ ಜಾಣತನ ಇರುವುದೇ ಅಲ್ಲಿ ಎನಿಸುತ್ತದೆ. ಕಾರಿನ ಸಮತೋಲ ಅನುಭವಕ್ಕೆ ಬರಲು ಅಪಾಯದ ವೇಗ ಬೇಕಾಗುವುದಿಲ್ಲ.

ಇದರ ಕೊರತೆಯೂ ಸ್ಪಷ್ಟ. 3,500ರಿಂದ 4,500 ಆರ್‌ಪಿಎಂ ನಡುವೆ ಎಳೆತ ಕುಗ್ಗುತ್ತದೆ. ಮುಂದಿನ ವಾಹನವನ್ನು ದಾಟುವಾಗ ಗೇರ್ ಇಳಿಸದೆ ಗತಿಯಿಲ್ಲ. 2021ರಲ್ಲಿ ಬಂದ ಎರಡನೇ ತಲೆಮಾರಿನ 2.4 ಲೀಟರ್ ಎಂಜಿನ್ ಆ ತಗ್ಗನ್ನು ತುಂಬಿದೆ, ಆದರೆ ಅದು ಇನ್ನೂ ಹೊಸದು, ದುಬಾರಿ. ಒಳಗಿನ ಪ್ಲಾಸ್ಟಿಕ್ ಒರಟು. ಹಿಂದಿನ ಸೀಟು ಹೆಸರಿಗೆ ಮಾತ್ರ, ದೊಡ್ಡವರು ಕೂರಲಾರರು. ಆದರೆ ಅದರ ಬೆನ್ನನ್ನು ಮಡಚಿದರೆ ನಾಲ್ಕು ಬಿಡಿ ಚಕ್ರಗಳೇ ಹಿಡಿಯುವಷ್ಟು ಜಾಗ ಸಿಗುತ್ತದೆ. ಗಟ್ಟಿ ಚಾವಣಿ, ಹಗುರವಾದ ಕ್ಲಚ್, ಮುಂದಕ್ಕೆ ತೆರೆದ ನೋಟ. ನನ್ನ ದಿನಚರಿಗೆ ಒಪ್ಪಿದ್ದು ಇದು, ಕೊಂಡದ್ದೂ ಇದನ್ನೇ.

ಜಿಟಿ86 ಹುಡುಕುವವರು ತಯಾರಾದ ವರ್ಷವನ್ನು ಮೊದಲು ಕೇಳಿ. ಆರಂಭದ ಕಾರುಗಳ ವಾಲ್ವ್ ಸ್ಪ್ರಿಂಗ್ (ಎಂಜಿನ್ನಿನ ವಾಲ್ವ್‌ಗಳನ್ನು ಮುಚ್ಚುವ ಸ್ಪ್ರಿಂಗ್) ಬದಲಿಸಲು 2018ರಲ್ಲಿ ಕಂಪನಿಗಳೇ ವಾಹನಗಳನ್ನು ವಾಪಸು ಕರೆದಿದ್ದವು. ಅದು ಎಂಜಿನ್ ಬಿಚ್ಚಿ ಮಾಡಬೇಕಾದ ಕೆಲಸ. ಮತ್ತೆ ಜೋಡಿಸುವಾಗ ಹಚ್ಚುವ ಅಂಟು ಹೆಚ್ಚಾಗಿ ತೈಲದ ದಾರಿಗೆ ಸೇರಿದರೆ ಇನ್ನೊಂದು ತೊಂದರೆ. ಕೆಲಸ ಆಗಿದೆಯೇ, ಅದಾದ ಮೇಲೆ ಎಷ್ಟು ದೂರ ಓಡಿದೆ ಎಂಬುದಕ್ಕೆ ಕಾಗದ ಇರಬೇಕು. ಇಲ್ಲವಾದರೆ ಆ ವರ್ಷಗಳನ್ನೇ ಬಿಟ್ಟುಬಿಡಿ. ಟರ್ಬೊ ಸೇರಿಸಿದ, ಸಸ್ಪೆನ್ಷನ್ ತಗ್ಗಿಸಿದ ಕಾರುಗಳು ಬಹಳ ಬರುತ್ತವೆ. ದಿನಬಳಕೆಗೆ ಕಾರ್ಖಾನೆಯಿಂದ ಬಂದಂತೆಯೇ ಇರುವುದನ್ನು ಕಾಯುವುದೇ ಸರಿ.

ಯಾವ ಕಾರಾದರೂ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕು ಟೈರು ನಾಲ್ಕು ಬಗೆಯದಾಗಿದ್ದರೆ ಹಿಂದಿನ ಮಾಲೀಕರು ಕಾಣದ ಕಡೆಯೂ ಹಾಗೆಯೇ ಖರ್ಚಿಗೆ ಕೈಬಿಗಿ ಹಿಡಿದಿರುತ್ತಾರೆ. ಎಂಜಿನ್ ತಣ್ಣಗಿರುವಾಗ ನೀವೇ ಶುರುಮಾಡಿ, ಬಿಸಿಯಾದ ಎಂಜಿನ್ ಕೆಲವು ದೋಷಗಳನ್ನು ಮುಚ್ಚಿಡುತ್ತದೆ. ನಾನು ತಲುಪುವ ಮೊದಲೇ ಒಬ್ಬ ಮಾರಾಟಗಾರರು ಎಂಜಿನ್ ಬಿಸಿ ಮಾಡಿಟ್ಟಿದ್ದರು. ಮರುದಿನ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದೆ. ಅವರು ಒಪ್ಪಲಿಲ್ಲ, ನಾನು ಆ ಕಾರನ್ನು ಪಟ್ಟಿಯಿಂದ ತೆಗೆದೆ.