ಇಂಗಲೀಕದ ಕೆಂಪು ಕೆಡದಂತೆ: ಎಫ್‌ಎಫ್‌ಎಂಪೆಗ್ ಬಳಸಿ ಆರು ವರ್ಷ

ಬದಿಯಡ್ಕದ ಸುತ್ತಮುತ್ತ ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಆಟ ಮುಗಿದ ಮೇಲೆ ನೂರಿನ್ನೂರು ಫೋಟೊಗಳನ್ನು ಪೋಣಿಸಿ ವೀಡಿಯೊ ಮಾಡಿಕೊಡುವುದೂ ಉಂಟು. ಅದಕ್ಕೆ ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ವೀಡಿಯೊ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ಪ್ರತಿಯೊಂದನ್ನೂ ಟೈಪ್ ಮಾಡಿಯೇ ಹೇಳಬೇಕು.

ಮೊದಲ ವರ್ಷ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಹಿರಿಯ ಬಣ್ಣದ ವೇಷಧಾರಿಯೊಬ್ಬರಿಗೆ ಅವರದೇ ವೀಡಿಯೊ ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, "ಇದು ನಾನು ಹಾಕಿದ ಕೆಂಪಲ್ಲ ಮಾರಾಯ" ಎಂದರು. ಮೂಲ ಫೋಟೊವನ್ನು ಪಕ್ಕಕ್ಕಿಟ್ಟು ನೋಡಿದೆ. ಮುಖಕ್ಕೆ ಬಳಿಯುವ ಕೆಂಪು ಬಣ್ಣ ಇಂಗಲೀಕ ಕೇಸರಿಗೆ ವಾಲಿತ್ತು, ರಂಗಸ್ಥಳದ ಮಾವಿನೆಲೆಯ ಹಸಿರು ಕಪ್ಪಿಟ್ಟಿತ್ತು.

ಕಾರಣ ಹುಡುಕಲು ತಿಂಗಳೇ ಹಿಡಿಯಿತು. ವೀಡಿಯೊದಲ್ಲಿ ಬೆಳಕು ಬೇರೆ, ಬಣ್ಣ ಬೇರೆಯಾಗಿ ಇರುತ್ತವೆ. ಹಾಗೆ ಬೇರ್ಪಡಿಸುವ ಲೆಕ್ಕಕ್ಕೆ ಎರಡು ಮಾನಕಗಳಿವೆ: ಹಳೆಯ ಟಿವಿಯದು ಬಿಟಿ 601, ಎಚ್‌ಡಿಯದು ಬಿಟಿ 709. ಬೆಳಕಿನಲ್ಲಿ ಕೆಂಪಿನ ಪಾಲು 601ರಲ್ಲಿ 0.299, 709ರಲ್ಲಿ 0.2126. ಜೆಪೆಗ್ ಫೋಟೊ ಇರುವುದು 601ರಲ್ಲಿ. ನಾನು ಏನೂ ಹೇಳದ ಕಾರಣ ವೀಡಿಯೊ ಕೂಡ ಅದರಲ್ಲೇ ಆಯಿತು, ಮೊಬೈಲು ಅದನ್ನು 709 ಎಂದು ಓದಿತು. ಅಪ್ಪಟ ಕೆಂಪಿನಲ್ಲಿ ಸೊನ್ನೆ ಇರಬೇಕಾದ ಹಸಿರು ಆಗ 0ಯಿಂದ 255ರ ಅಳತೆಯಲ್ಲಿ ಸುಮಾರು 25ಕ್ಕೆ ಏರುತ್ತದೆ. ಹಿರಿಯರ ಕಣ್ಣು ಹಿಡಿದದ್ದು ಅಷ್ಟು ಸಣ್ಣ ವ್ಯತ್ಯಾಸವನ್ನು!

ಈಗ ಎಫ್‌ಎಫ್‌ಎಂಪೆಗ್‌ನ ಸ್ಕೇಲ್ ಫಿಲ್ಟರಿನಲ್ಲಿ ಹೊರಬರುವ ಮ್ಯಾಟ್ರಿಕ್ಸ್, ಅಂದರೆ ಬೇರ್ಪಡಿಸುವ ಲೆಕ್ಕ, ಬಿಟಿ 709, ಬೆಳಕಿನ ವ್ಯಾಪ್ತಿ ಟಿವಿಯದು, ಅಂದರೆ 16ರಿಂದ 235, ಎಂದು ಬರೆಯುತ್ತೇನೆ. ಕಡತದ ಮೇಲೂ ಅದೇ ಗುರುತು ಹಾಕಿಸುತ್ತೇನೆ. ಗುರುತು ಮಾತ್ರ ಹಾಕಿ ಲೆಕ್ಕ ಬದಲಿಸದಿದ್ದರೆ ಪ್ರಯೋಜನವಿಲ್ಲ, ಎರಡೂ ಬೇಕು. ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೊಗಳನ್ನು ಮೊದಲೇ ಸಾಮಾನ್ಯ ಪರದೆಗಳ ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿಗೆ ತರುತ್ತೇನೆ, ಇಲ್ಲವಾದರೆ ಬಣ್ಣ ಸಪ್ಪೆಯಾಗುತ್ತದೆ. ಎಸ್‌ಆರ್‌ಜಿಬಿಗೂ 709ಕ್ಕೂ ಮೂಲವರ್ಣಗಳು ಒಂದೇ ಆಗಿರುವುದು ನಮ್ಮ ಪುಣ್ಯ.

ಇಷ್ಟು ಕಲಿತ ಮೇಲೆ ಈ ಸಾಧನದ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದೆ. ಒಮ್ಮೆ ಬರೆದಿಟ್ಟ ಆದೇಶ ಪ್ರತಿ ಆಟಕ್ಕೂ ಅದೇ ಬಣ್ಣ ಕೊಡುತ್ತದೆ.

ಉಳಿದಿರುವ ಕೊರಗು ಮುಖದ ಮೇಲೆ ಇಡುವ ಬಿಳಿ ಚುಕ್ಕೆಗಳ ಸಾಲಾದ ಚುಟ್ಟಿಯದು. ಎಲ್ಲ ಮೊಬೈಲಿನಲ್ಲೂ ಓಡುವ 4:2:0 ಎಂಬ ಬಗೆಯ ವೀಡಿಯೊದಲ್ಲಿ ಪರದೆಯ ನಾಲ್ಕು ಚುಕ್ಕಿಗಳಿಗೆ (ಪಿಕ್ಸೆಲ್) ಒಂದೇ ಬಣ್ಣದ ಮಾಹಿತಿ ಇರುತ್ತದೆ. ಬಿಳಿ ಚುಟ್ಟಿಯ ಅಂಚಿನಲ್ಲಿ ಕೆಂಪು ಕದಡಿದಂತೆ ಕಾಣುವುದು ಅದರಿಂದಲೇ. ಹಾಗಾಗಿ ಮುಖವರ್ಣಿಕೆಯ ಫೋಟೊಗಳ ವೀಡಿಯೊವನ್ನು ಚುಕ್ಕಿಗಳು ಹೆಚ್ಚಿರುವ 4ಕೆಯಲ್ಲೇ ಮಾಡುತ್ತೇನೆ. ರಾತ್ರಿ ಓಡಿಸಿ ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುತ್ತದೆ.