ಪಾಯಿಂಟ್ ಕರಾಟೆಯ ಹೆಜ್ಜೆಯಾ, ಕ್ಯೋಕುಶಿನ್ ಹೆಜ್ಜೆಯಾ?

ಮಂಗಳೂರಲ್ಲಿ ಕರಾಟೆಗೆ ಸೇರುವ ಯೋಚನೆ ಇದ್ದರೆ, ಕ್ಲಾಸಿಗೆ ಹೋಗಿ ಮೊದಲು ಸ್ಪಾರಿಂಗ್ (ಇಬ್ಬರ ಅಭ್ಯಾಸದ ಕಾದಾಟ) ಮಾಡುವವರ ಕಾಲು ನೋಡಿ. ಕೈ ಆಮೇಲೆ.

ಪಾಯಿಂಟ್ ಸ್ಪಾರಿಂಗ್‌ನಲ್ಲಿ, ಅಂದರೆ ಹೊಡೆತಕ್ಕೆ ಅಂಕ ಎಣಿಸುವ ಕರಾಟೆಯಲ್ಲಿ, ಹಿಮ್ಮಡಿ ಚೂರು ಎತ್ತಿ, ಸಣ್ಣಗೆ ಪುಟಿಯುತ್ತಾ ಇರುತ್ತಾರೆ. ಅಂಕಣ 8 ಮೀಟರ್ ಚೌಕ. ಪಂಚ್‌ಗೆ 1 ಅಂಕ, ಹೊಟ್ಟೆಗೆ ಒದ್ದರೆ 2, ತಲೆಗೆ ಒದ್ದರೆ 3. ಅಂತರ ಕಾಯುವುದೇ ಇಲ್ಲಿ ಅರ್ಧ ಆಟ. ಹಿಂದಿನ ಕಾಲಿನಿಂದ ನೆಲ ತಳ್ಳಿ ಒಮ್ಮೆಗೇ ಒಳನುಗ್ಗಬೇಕು, ಹೊಡೆದ ಕೂಡಲೇ ಹೊರಗೆ ಬರಬೇಕು. ಪುಟಿಯುವ ತಾಳ ಬದಲಾಗದಿದ್ದರೆ, ನೀವು ಮೇಲಿರುವಾಗಲೇ ಎದುರಾಳಿ ಬಂದುಬಿಡುತ್ತಾನೆ. ಕಾಲು ಗಾಳಿಯಲ್ಲಿದ್ದರೆ ತಪ್ಪಿಸಿಕೊಳ್ಳುವುದು ಎಲ್ಲಿಗೆ ಮಾರಾಯ್ರೆ?

ಕ್ಯೋಕುಶಿನ್ ಅಂದರೆ ಪೂರ್ತಿ ಬಲದಿಂದ ಹೊಡೆದಾಡುವ ಕರಾಟೆ ಶೈಲಿ. ಅದರಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ತೊಡೆಗೆ ಜೋರಾಗಿಯೇ ಒದೆಯಬಹುದು. ಹಾಗಾಗಿ ಹತ್ತಿರ ನಿಂತು, ಪಕ್ಕಕ್ಕೆ ಸರಿದು ಹೊಡೆಯುತ್ತಾರೆ. ಮುಂದಿನ ಕಾಲಿಗೆ ಭಾರ ಜಾಸ್ತಿ ಹಾಕಿದರೆ ಒದೆ ತಡೆಯಲು ಅದು ಮೇಲೇಳುವುದಿಲ್ಲ.

ಮಕ್ಕಳಿಗಾದರೆ ನನ್ನ ಓಟು ಪಾಯಿಂಟ್‌ಗೆ. ಪೆಟ್ಟು ತಿನ್ನಲು ತಯಾರಿರುವ ದೊಡ್ಡವರಿಗೆ ಕ್ಯೋಕುಶಿನ್.

ಯಾವುದಕ್ಕೇ ಸೇರಿ, ಮ್ಯಾಟ್ ಇದೆಯಾ ಕೇಳಿ. ನಮ್ಮ ಸೆಕೆಗೆ ಟೈಲ್ಸ್ ಮೇಲೆ ಬೆವರು ಬಿದ್ದರೆ ಜಾರುತ್ತದೆ. ಪಣಂಬೂರು ಬೀಚಿನ ಮರಳಲ್ಲಿ ಪುಟಿದರೆ ಮೀನಖಂಡ ಗಟ್ಟಿಯಾಗುತ್ತದೆ ನಿಜ, ಆದರೆ ಪಾದ ಜಾರಿಸುವ ಹೆಜ್ಜೆ ಅಲ್ಲಿ ಬರುವುದಿಲ್ಲ.