ದಾಳಿಂಬೆ ಕಾಯಿ ಸೀಳೋದಕ್ಕೆ ಬೋರಾನ್ 20% ಪುಡಿ, ಮೂರು ವರ್ಷ ಹೊಡೆದ ಮೇಲೆ ಬರೀತಿದೀನಿ

ಹಿರಿಯೂರು ಕಡೆ ಎರಡು ಎಕರೆ ಭಗವಾ ತಳಿ ದಾಳಿಂಬೆ ನಮ್ದು, ಅಂಬೆ ಬಹಾರ್, ಅಂದ್ರೆ ಜನವರಿ-ಫೆಬ್ರವರಿಲಿ ಹೂ ಬಿಡಿಸೋ ಬೆಳೆ. ಈ ಪುಡಿಗೆ ನಾಲ್ಕು ಸ್ಟಾರ್.

ಮೊದಲೆಲ್ಲಾ ಕಟಾವಿಗೆ ಇನ್ನು ಹದಿನೈದು ದಿನ ಅನ್ನೋವಾಗ ರಾತ್ರಿ ಒಂದು ಜೋರು ಮಳೆ ಬಿದ್ರೆ ಸಾಕು, ಬೆಳಗ್ಗೆ ತೋಟಕ್ಕೆ ಹೋಗೋಕೇ ಮನಸ್ಸಾಗ್ತಿರಲಿಲ್ಲ, ಕಾಯಿ ಬಾಯ್ಬಿಟ್ಕೊಂಡು ಕೆಂಪು ಕಾಳೆಲ್ಲ ಹೊರಗೆ ಕಾಣ್ತಿರೋದು, ಇರುವೆ ಮುತ್ಕೊಂಡಿರೋದು. ಅದನ್ನ ವ್ಯಾಪಾರಿ ಮುಟ್ಟಲ್ಲ, ಜ್ಯೂಸ್‌ನವ್ರು ಕೇಳಿದ ರೇಟಿಗೆ ಕೊಡ್ಬೇಕು.

ಪ್ಯಾಕೆಟ್ ಮೇಲೆ ಡೈಸೋಡಿಯಂ ಆಕ್ಟಾಬೋರೇಟ್ ಅಂತಿರುತ್ತೆ, ಅದೇ ಇದು. ಬೋರಾಕ್ಸ್‌ನಲ್ಲಿ ಬೋರಾನ್ 10.5% ಅಷ್ಟೇ, ತಣ್ಣೀರಲ್ಲಿ ಕರಗೋಕೂ ಸತಾಯಿಸುತ್ತೆ, ಇದು ಬೇಗ ಕರಗುತ್ತೆ. ಲೀಟರಿಗೆ 1 ಗ್ರಾಂ, 200 ಲೀಟರ್ ಡ್ರಮ್ಮಿಗೆ 200 ಗ್ರಾಂ.

ಮೊದಲ್ನೇ ವರ್ಷ ದುಡ್ಡು ದಂಡ. ಕಾಯಿ ದಪ್ಪ ಆದ್ಮೇಲೆ ಹೊಡೆದಿದ್ದೆ. ಬೋರಾನ್ ಕೆಲ್ಸ ಏನಂದ್ರೆ ಸಿಪ್ಪೆಯ ಜೀವಕೋಶದ ಗೋಡೆಲಿ ಪೆಕ್ಟಿನ್ ಎಳೆ ಒಂದಕ್ಕೊಂದು ಬಿಗಿಯೋದು, ಗೋಡೆ ಎದ್ದಾದ್ಮೇಲೆ ಸಿಮೆಂಟ್ ತಂದ್ರೆ ಏನ್ ಪ್ರಯೋಜನ ಹೇಳಿ. ಎರಡ್ನೇ ವರ್ಷ ಹೂವಿಗೆ ಮುಂಚೆ ಒಂದ್ಸಲ, ಕಾಯಿ ನಿಂಬೆಹಣ್ಣಿನಷ್ಟಿದ್ದಾಗ ಒಂದ್ಸಲ, ತಿಂಗಳು ಬಿಟ್ಟು ಇನ್ನೊಂದ್ಸಲ ಹೊಡೆದು, ಒಂದು ಸಾಲು ಬೇಕಂತಲೇ ಹಾಗೇ ಬಿಟ್ಟೆ. ಆ ಸಾಲಲ್ಲಿ ಗಿಡಕ್ಕೆ ಹತ್ತು ಹನ್ನೆರಡು ಸೀಳಿದ್ವು, ಹೊಡೆದಿದ್ರಲ್ಲಿ ನಾಲ್ಕೈದು. ಖುಷಿಗೆ ಮೂರನೇ ವರ್ಷ ಡೋಸ್ ಡಬಲ್ ಮಾಡ್ದೆ, ವಾರಕ್ಕೆಲ್ಲಾ ಹಳೇ ಎಲೆ ಅಂಚು ಸುಟ್ಟಂಗಾಯ್ತು. ಬೋರಾನ್ ಸಾಕು ಅನ್ನೋದಕ್ಕೂ ಜಾಸ್ತಿ ಆಯ್ತು ಅನ್ನೋದಕ್ಕೂ ಮಧ್ಯ ಜಾಗ ತುಂಬಾ ಕಮ್ಮಿ, ಇದನ್ನ ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಹಾಕ್ಬೇಕಿತ್ತು, ಒಂದು ಸ್ಟಾರ್ ಕಟ್ ಆಗಿದ್ದು ಅದಕ್ಕೇ.

ಅಂಗಡಿಯವ್ರು ಇದ್ರ ಜೊತೆ ಒಂದು ಅಮೈನೋ ಆಸಿಡ್ ಡಬ್ಬ ಕೊಟ್ಟೇ ಕೊಡ್ತಾರೆ, "ತಗೊಳಿ ಅಣ್ಣ, ಗಿಡಕ್ಕೆ ಪ್ರೋಟೀನ್ ಇದ್ದಂಗೆ" ಅಂತ. ನಾನೂ ಒಂದ್ಸಲ ತಂದೆ, ಫರಕ್ ಏನೂ ಕಾಣ್ಲಿಲ್ಲ. ನಮ್ ಗಿಡದಲ್ಲಿ ಎಲೆ ಸಣ್ಣಗೆ ಗುಚ್ಛದ ತರ ಬರ್ತಿತ್ತು, ಅದು ಸತುವಿನ ಕೊರತೆ. ಸತು ಇಲ್ಲ ಅಂದ್ರೆ ಗಿಡ ಪ್ರೋಟೀನ್ ಕಟ್ಟೋದೇ ಕಮ್ಮಿಯಾಗಿ ಇರೋ ಅಮೈನೋ ಆಸಿಡ್ಡೇ ಎಲೆಲಿ ಹಂಗೇ ಕೂತಿರುತ್ತಂತೆ, ಅದ್ರ ಮೇಲೆ ನಾವು ಇನ್ನಷ್ಟು ಸುರೀತೀವಿ! ಜಿಂಕ್ ಹೊಡೆದ್ಮೇಲೆ ಹೊಸ ಚಿಗುರು ಸರಿಯಾಯ್ತು.

ಹಾಂ, ಜಿಂಕ್ ಸಲ್ಫೇಟು ಕ್ಯಾಲ್ಸಿಯಂ ನೈಟ್ರೇಟು ಒಂದೇ ಡ್ರಮ್ಮಿಗೆ ಹಾಕ್ಬೇಡಿ. ನಾನು ಹಾಕಿ ಬಿಳೀ ಗಸಿ ನಿಂತು ನಾಝಲ್ ಎಲ್ಲಾ ಕಟ್ಕೊಂಡು ಅರ್ಧ ದಿನ ಸೂಜಿ ಹಿಡ್ಕೊಂಡು ಕೂತಿದ್ದೆ.

ಇನ್ನೊಂದು, ಹೋದ್ ಬೆಳೇಲಿ ಮೋಟ್ರು ಸುಟ್ಟು ಹನ್ನೆರಡು ದಿನ ಡ್ರಿಪ್ ಬಿಡೋಕಾಗ್ಲಿಲ್ಲ, ಆಮೇಲೆ ಮಳೆ ಬಂತು, ಬೋರಾನ್ ಹೊಡೆದಿದ್ದ ಕಾಯೂ ಸೀಳಿದ್ವು. ಒಣಗಿದ ಗಿಡಕ್ಕೆ ಒಂದೇ ಸಲ ನೀರು ಸಿಕ್ರೆ ಕಾಳು ಉಬ್ಬಿದಷ್ಟು ಬೇಗ ಸಿಪ್ಪೆ ಹಿಗ್ಗಲ್ಲ, ಯಾವ ಪುಡಿನೂ ತಡಿಯಲ್ಲ. ದಿನಾ ಸ್ವಲ್ಪ ಸ್ವಲ್ಪ ನೀರು ಬಿಡೋರು ಮಾತ್ರ ತಗೊಳಿ.

ಪ್ಯಾಕೆಟ್ ಒಡೆದ್ಮೇಲೆ ಬಾಯಿ ಗಟ್ಟಿ ಕಟ್ಟಿಡಿ, ನಮ್ದು ಪಂಪ್‌ಸೆಟ್ ಮನೇಲಿ ಗಡ್ಡೆ ಕಟ್ಟಿದೆ, ಈಗ ಸುತ್ತಿಗೇಲಿ ಕುಟ್ಟಿ ತೂಗ್ತಾ ಇದೀನಿ.